ಸಾಕ್ಷಿಗೊಂದು ಮೆರವಣಿಗೆ

“ಅತ್ತೆ, ಬಾಗಿಲು ತೆಗೀರಿ! ನಿಮ್ಮ ಕಾಲಿಗೆ ಬೀಳ್ತೀನಿ, ಬಾಗಿಲು ತೆಗೀರಿ!”

“ಕಾಲಿಗೆ ಬೀಳೋದಾದ್ರೆ ಅಲ್ಲಿಂದಲೇ ಬೀಳು. ನನ್ನ ಕಾಲು ಬಾಗಿಲ ಈಚೆಗೇ ಇದೆ, ಎಲ್ಲೂ ಹೋಗಿಲ್ಲ!”

ಚಿಲಕ ಬಿದ್ದ ಸದ್ದು... ಅದರ ಮೇಲೆ ಬೀಗ ಬಿದ್ದ ಸದ್ದು... ಅಷ್ಟಕ್ಕೂ ಸಮಾಧಾನವಾಗದೆ ದೊಡ್ಡ ಡ್ರಮ್ಮನ್ನು ದರದರ ಎಳೆದು ತಂದು ಬಾಗಿಲಿಗೆ ಅಡ್ಡ ಇಟ್ಟ ಸದ್ದು! ಸೊಸೆ ಬಾಗಿಲಿಗೆ ಹಣೆ ಆನಿಸಿ ನಿಂತುಬಿಟ್ಟಳು. ಅದು ಬ್ಯಾಂಡ್‌ಸೆಟ್ಟಿನ ಮನೆ, ಅವಳು ಸಿಕ್ಕಿಬಿದ್ದದ್ದು ಯೂನಿಫಾರ್ಮಿನ ಕೋಣೆಯಲ್ಲಿ. ಗೋಡೆಯುದ್ದಕ್ಕೂ ಕೆಂಪು ಕೋಟುಗಳು ಸಾಲಾಗಿ ನೇತಾಡುತ್ತಿದ್ದವು. ಭುಜಕ್ಕೆ ಹಳದಿ ಕುಚ್ಚು, ಎದೆಗೆ ಹಿತ್ತಾಳೆ ಗುಂಡಿ. ಅವಕ್ಕೆಲ್ಲ ಇಸ್ತ್ರಿ ಹಾಕಿದವಳು, ಗುಂಡಿ ಹೊಲಿದವಳು ಅವಳೇ. ಈಗ ಅವೆಲ್ಲ ಕೈ ಇಳಿಬಿಟ್ಟು ಅವಳನ್ನೇ ನೋಡುತ್ತಾ ನಿಂತ ನೆಂಟರ ಹಾಗೆ ಕಾಣುತ್ತಿದ್ದವು.

ನಾಳೆ ಬೆಳಿಗ್ಗೆ ಅವಳು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. ಹೇಳಿದರೆ ಒಬ್ಬ ಹುಡುಗಿಗೆ ನ್ಯಾಯ ಸಿಗುತ್ತಿತ್ತು. ಹೇಳದೆ ಹೋದರೆ ‘ಬೆಳಕಿನ ಮನೆ’ ಎಂಬ ಪಂಥದ ದೊಡ್ಡವರು ಮುಗುಳ್ನಗುತ್ತಾ ಜೈಲಿನಿಂದ ಆಚೆ ಬರುತ್ತಿದ್ದರು. ಅತ್ತೆಯ ತಲೆಗೆ ಹೋಗಿದ್ದದ್ದು ಒಂದೇ ಮಾತು: ಹೇಳಿದರೆ ಈ ಮನೆಯಿಂದ ಹೆಣ ಹೊರಡುತ್ತದೆ!

ಅತ್ತೆಯನ್ನು ಓಣಿಯವರೆಲ್ಲ ಗುಡುಗಮ್ಮ ಎಂದೇ ಕರೆಯುತ್ತಿದ್ದರು. ಗಂಡ ಕಣ್ಣು ಮುಚ್ಚಿದ ಮೇಲೆ, ತಂಡ ಚದುರಿಹೋಗುವ ಹೊತ್ತಿನಲ್ಲಿ, ಅವನ ದೊಡ್ಡ ಡ್ರಮ್ಮನ್ನು ತಾನೇ ಹೊಟ್ಟೆಯ ಮೇಲೆ ಕಟ್ಟಿಕೊಂಡು ಬೀದಿಗಿಳಿದ ಹೆಂಗಸು ಅವಳು. ಮೊದಲ ದಿನ ನಕ್ಕವರು ಎರಡನೆಯ ದಿನ ಕುಣಿದರು. ಆ ಮನೆಯಲ್ಲಿ ಒಂದು ಲೋಟ ನೀರು ಬೇಕಾದರೂ ಕಿರುಚಿಯೇ ಕೇಳಬೇಕು. ಒಂದು ಕೋಣೆಯಲ್ಲಿ ಡ್ರಮ್ಮು, ಇನ್ನೊಂದರಲ್ಲಿ ಕ್ಲಾರಿಯೊನೆಟ್ಟು, ಹಿತ್ತಲಲ್ಲಿ ತಾಳ. ಮೆಲ್ಲನೆ ಮಾತಾಡುವ ಮನೆಯಿಂದ ಬಂದಿದ್ದ ಸೊಸೆ ಮೊದಲ ತಿಂಗಳು ಉಪ್ಪು ಕೇಳಲಾರದೆ ಸಪ್ಪೆಯೇ ಉಂಡಿದ್ದಳಂತೆ!

ಅವಳು ಬೆಳಕಿನ ಮನೆಯ ಬಟ್ಟೆ ಒಗೆಯುವ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ದೊಡ್ಡ ಪಂಥ ಅದು. ದೊಡ್ಡವರು ಬಾಯಿ ಬಿಟ್ಟರೆ ಸಾವಿರಾರು ಜನ ಕಣ್ಣೀರು ಸುರಿಸುತ್ತಿದ್ದರು. ಹೋದ ವರ್ಷ ಒಂದು ಮಧ್ಯಾಹ್ನ, ಅಲ್ಲಿ ಸೇವೆಗೆಂದು ಬಂದು ಉಳಿದಿದ್ದ ಹುಡುಗಿಯೊಬ್ಬಳು ಓಡಿಬಂದು ಹಾಸುಬಟ್ಟೆಯ ರಾಶಿಯೊಳಗೆ ನುಗ್ಗಿ ಬಚ್ಚಿಟ್ಟುಕೊಂಡಳು. ಮೈತುಂಬ ಬಾಸುಂಡೆ... ಮಣಿಕಟ್ಟಿನಲ್ಲಿ ಹಗ್ಗದ ಗಾಯ... “ಅಕ್ಕಾ, ದೊಡ್ಡವರ ವಿಷಯ ಹೊರಗೆ ಹೇಳ್ತೀನಿ ಅಂದೆ, ಅದಕ್ಕೆ ಕೂಡಿಹಾಕಿ ಹೊಡೆದರು” ಎಂದಷ್ಟೇ ಹೇಳಿದಳು. ಹಿಂದೆಯೇ ಒಬ್ಬ ಮನುಷ್ಯ ಬಂದು ರಾಶಿಯೊಳಗೆ ಕೈಹಾಕಿ, “ಬಾ ಮಗಳೇ, ದೊಡ್ಡವರು ಕರೀತಿದ್ದಾರೆ” ಎಂದು ಸಕ್ಕರೆಯಂಥ ದನಿಯಲ್ಲಿ ಹೇಳುತ್ತಾ ಅವಳನ್ನು ಕೂದಲು ಹಿಡಿದು ಎಳೆದುಕೊಂಡು ಹೋದ. ಸೊಸೆ ನೇರವಾಗಿ ಪೊಲೀಸರ ಹತ್ತಿರ ಓಡಿದಳು. ಒದ್ದೆ ಸೆರಗಿನಲ್ಲೇ! ಹುಡುಗಿ ಬದುಕಿದಳು, ದೊಡ್ಡವರು ಒಳಗೆ ಹೋದರು, ಆ ಮನುಷ್ಯ ಮಾತ್ರ ತಪ್ಪಿಸಿಕೊಂಡ.

ಆಮೇಲೆ ಶುರುವಾಯಿತು ನೋಡಿ ಕಾಟ. ಬೆಳಕಿನ ಮನೆಯ ಬಾಗಿಲು ಕಾಯುವವನೂ ಸಾಕ್ಷಿಯಾಗಿದ್ದ. ಅವನನ್ನು ಗುಟ್ಟಾಗಿ ಹಿಂದಿನ ರಸ್ತೆಯಲ್ಲಿ ಕೋರ್ಟಿಗೆ ಕರೆದೊಯ್ಯುವಾಗ ಲಾರಿಯೊಂದು ಬಂದು ಗುದ್ದಿತು, ಅವನು ಅಲ್ಲೇ ಸತ್ತ. ಲಾರಿ ಯಾರದೆಂದು ಇನ್ನೂ ಗೊತ್ತಾಗಿಲ್ಲ. ಇನ್ನೊಂದು ದಿನ ಓಣಿಯ ತಿರುವಿನಲ್ಲಿ ಸೊಸೆಯ ಗಂಡನನ್ನು ಅಡ್ಡಗಟ್ಟಿ, “ಹೆಂಡತಿಗೆ ಬಾಯಿ ಮುಚ್ಚಿಕೊಂಡಿರೋಕೆ ಹೇಳು” ಎಂದು ಕಬ್ಬಿಣದ ಸಲಾಕೆಯಿಂದ ಬಾಯಿಗೇ ಹೊಡೆದರು. ಟ್ರಂಪೆಟ್ ಊದುವ ಬಾಯಿ! ಮುಂದಿನ ಹಲ್ಲು ಹೋದವು, ತುಟಿ ಸೀಳಿತು. ಅವತ್ತಿನಿಂದ ಅವನು ಟ್ರಂಪೆಟ್ ಬಿಟ್ಟು ತಾಳ ಹಿಡಿದ. ಅವತ್ತಿನಿಂದಲೇ ಅತ್ತೆ ಸೊಸೆಯ ಮೇಲೆ ಕೆಂಡವಾದಳು.

“ಅಮ್ಮಾ, ಇದೇನು ಹುಚ್ಚಾಟ? ಬೀಗ ತೆಗಿ!” ಗಂಡನ ದನಿ ಹೊರಗೆ ಕೇಳಿಸಿತು.

“ನೀನು ಸುಮ್ನಿರೋ! ಹಲ್ಲು ಹೋದ್ರೂ ಹೆಂಡತಿ ಪರ ವಾದ ಮಾಡೋಕೆ ಬಾಯಿ ಬರುತ್ತೆ ಇವನಿಗೆ!”

“ಪೊಲೀಸಮ್ಮ, ನೀವಾದ್ರೂ ಹೇಳಿ.”

ಪೊಲೀಸಮ್ಮ ಎಂದರೆ ಸಾಕ್ಷಿಯ ಕಾವಲಿಗೆಂದು ಬಂದು, ತಿಂಗಳುಗಟ್ಟಲೆ ಜಗಲಿಯಲ್ಲಿ ಕೂತು, ಈಗ ಅರ್ಧ ಆ ಮನೆಯವಳೇ ಆಗಿಹೋಗಿದ್ದ ಕಾನ್‌ಸ್ಟೇಬಲ್. “ಹೊರಗಿನವರಿಂದ ಕಾಪಾಡೋಕೆ ನನಗೆ ಆರ್ಡರ್ ಇದೆ ಅಣ್ಣಾ. ಅತ್ತೆಯಿಂದ ಕಾಪಾಡೋಕೆ ಆರ್ಡರ್ ಇಲ್ಲವಲ್ಲ!” ಎಂದಳು. ಆಮೇಲೆ ತಾನೇ ಯೋಚಿಸಿ, “ಬನ್ನಿ, ಸ್ಟೇಷನ್‌ಗೇ ಹೋಗಿ ಕೇಳೋಣ” ಎಂದು ಎದ್ದಳು. ಹೆತ್ತ ತಾಯಿಯ ಮೇಲೆ ದೂರು ಕೊಡಲು ಮಗ, ಅವನ ಹಿಂದೆ ಪೊಲೀಸಮ್ಮ, ಇಬ್ಬರೂ ಓಣಿಯಲ್ಲಿ ಹೊರಟದ್ದು ಸೊಸೆಗೆ ಕಿಟಕಿಯ ಸಂದಿಯಿಂದ ಕಾಣಿಸಿತು. ಆ ದುಃಖದಲ್ಲೂ ಅವಳಿಗೆ ನಗು ತಡೆಯಲಾಗಲಿಲ್ಲ.

ಆದರೆ ಅವರಿಬ್ಬರೂ ಓಣಿ ದಾಟುವುದನ್ನೇ ಯಾರೋ ಕಾಯುತ್ತಿದ್ದರು.

“ಅಮ್ಮಾ, ಬ್ಯಾಂಡ್ ಹೇಳೋಕೆ ಬಂದಿದ್ದೆ.”

ಸೊಸೆ ಬಾಗಿಲಿಗೆ ಕಿವಿಯಿಟ್ಟಳು. ಅದೇ ದನಿ! ಹಾಸುಬಟ್ಟೆಯ ರಾಶಿಯೊಳಗೆ ಕೈಹಾಕಿದವನ ಅದೇ ಸಕ್ಕರೆ ದನಿ! ಕಿರುಚಲು ಬಾಯಿ ತೆರೆದವಳು, ಜಗಲಿಯಲ್ಲಿ ಅತ್ತೆ ಒಬ್ಬಳೇ ಇದ್ದಾಳೆಂಬುದು ನೆನಪಾಗಿ, ಹತ್ತಿರದ ಕೋಟಿನ ತೋಳನ್ನೇ ಬಾಯಿಗೆ ತುರುಕಿಕೊಂಡಳು.

“ಯಾವತ್ತಿಗಪ್ಪ?” ಗಿರಾಕಿಯನ್ನು ಕಂಡ ಅತ್ತೆಯ ದನಿ ಅರಳಿತ್ತು.

“ನಾಳೆ ಬೆಳಿಗ್ಗೆಗೆ. ದೂರದ ಊರು. ಮಾರುಕಟ್ಟೆ ಹತ್ತಿರ ಬಸ್ಸು ನಿಲ್ಲಿಸಿರ್ತೀವಿ. ನಿಮ್ಮ ತಂಡದವರೆಲ್ಲ ಬರಬೇಕು. ಮಗನೂ ಬರಬೇಕು. ಒಬ್ಬರೂ ಹಿಂದೆ ಉಳೀಬಾರದು.”

“ಮದುವೆಯಾ?”

“ಹ್ಞಾಂ... ಮದುವೆ.”

“ಗಂಡಿನ ಕಡೆಯೋ, ಹೆಣ್ಣಿನ ಕಡೆಯೋ?”

“ಎರಡೂ ಕಡೆ ಅಂತಲೇ ಇಟ್ಕೊಳ್ಳಿ.”

“ಮೆರವಣಿಗೆ ಎಲ್ಲಿಂದ ಹೊರಡುತ್ತೆ? ಎಲ್ಲಿ ತಿರುಗುತ್ತೆ? ಯಾರ ಮನೆ ಮುಂದೆ ನಿಂತು ಜಾಸ್ತಿ ಹೊತ್ತು ಬಾರಿಸಬೇಕು?”

“ಅದೆಲ್ಲ ಯಾಕಮ್ಮ? ಎಲ್ಲೋ ಒಂದು ಕಡೆ ನಿಂತು ಬಾರಿಸಿದ್ರಾಯ್ತು.”

ಬ್ಯಾಂಡ್ ಹೇಳಲು ಬರುವವರು ಹೇಗಿರುತ್ತಾರೆಂದು ಸೊಸೆಗೂ ಗೊತ್ತಿತ್ತು. ಅವರು ಎಲ್ಲದಕ್ಕೂ ಒಪ್ಪಿದರೂ ದಾರಿಯ ವಿಷಯದಲ್ಲಿ ಜಗಳವಾಡದೆ ಹೋಗುವುದಿಲ್ಲ. ಮಾತು ಬಿಟ್ಟ ದಾಯಾದಿಯ ಮನೆ ಮುಂದೆ ಕಿಟಕಿ ಅದುರುವ ಹಾಗೆ ಬಾರಿಸಬೇಕು, ಹೆಣ್ಣು ಕೊಡುವುದಿಲ್ಲ ಎಂದಿದ್ದವರ ಬೀದಿಯಲ್ಲಿ ಎರಡು ಸಲ ಹೋಗಬೇಕು... ಎಲ್ಲೋ ಒಂದು ಕಡೆ ನಿಂತು ಬಾರಿಸಿ ಎಂದ ಗಿರಾಕಿ ಈ ಮನೆಯ ಮೆಟ್ಟಿಲು ಹತ್ತಿದ್ದೇ ಇಲ್ಲ!

“ನಿಮಗೆ ಯಾವ ಹಾಡು ಬೇಕು ಅಂತಾದ್ರೂ ಹೇಳಪ್ಪ,” ಅತ್ತೆಯ ದನಿ ಈಗ ನಿಧಾನವಾಗಿತ್ತು.

ಆ ಮನುಷ್ಯ ನಕ್ಕ. “ಸಾವಿನ ಮನೆಯ ಹಾಡೂ ನಿಮಗೆ ಬರುತ್ತಲ್ಲ? ಅದನ್ನ ಚೆನ್ನಾಗಿ ಅಭ್ಯಾಸ ಮಾಡಿಟ್ಕೊಳ್ಳಿ. ವಾಪಸ್ ಬಂದ ಮೇಲೆ ಮನೇಲೇ ಬೇಕಾಗಬಹುದು.”

ಅತ್ತೆ ಏನು ಹೇಳುತ್ತಾಳೆ? ಅತ್ತೆ ಏನು ಹೇಳುತ್ತಾಳೆ...?

“ಆಯ್ತಪ್ಪ,” ಎಂದಳು ಗುಡುಗಮ್ಮ. “ಬರ್ತೀವಿ. ನಾಳೆ ಮನೇಲಿ ಯಾರೂ ಇರಲ್ಲ. ಅವಳೊಬ್ಬಳೇ. ಇಗೋ, ನೀನೇ ನೋಡು, ಬೀಗ ಹಾಕಿ ಇಟ್ಟಿದ್ದೀನಿ.”

ಅಯ್ಯೋ...! ಸೊಸೆ ನೆಲಕ್ಕೆ ಕೂತುಬಿಟ್ಟಳು. ಮೆಟ್ಟಿಲಿಳಿದು ಹೋಗುವ ಹೆಜ್ಜೆಯ ಸದ್ದು ಕೇಳಿಸಿತು. ಆಮೇಲೆ ಡ್ರಮ್ಮನ್ನು ಪಕ್ಕಕ್ಕೆ ತಳ್ಳಿದ ಸದ್ದು. ಆಮೇಲೆ ಬೀಗಕ್ಕೆ ಕೀಲಿ ತಾಕುತ್ತಾ, ಜಾರುತ್ತಾ, ಮತ್ತೆ ತಾಕುತ್ತಾ... ಬಾಗಿಲು ತೆರೆದಾಗ ಹೊಸ್ತಿಲ ಮೇಲೆ ನಿಂತಿದ್ದ ಅತ್ತೆ ಎಂದಿನ ಅತ್ತೆಯಾಗಿರಲಿಲ್ಲ. ಆ ದೊಡ್ಡ ದೇಹ ಮುದುಡಿಹೋಗಿತ್ತು, ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು.

“ಬೀಗ ಹಾಕಿ ನಿನ್ನ ಉಳಿಸ್ತಿದ್ದೀನಿ ಅಂದ್ಕೊಂಡಿದ್ದೆ ಕಣೇ... ಕಟ್ಟಿ ಅವರ ಕೈಗೆ ಕೊಡ್ತಾ ಇದ್ದೆನಲ್ಲೇ! ನಾಳೆ ಆ ಬಸ್ಸು ಹತ್ತಿ ಹೋಗಿಬಿಟ್ಟಿದ್ರೆ... ಅಯ್ಯೋ!”

“ಅತ್ತೆ, ನೀವು ಅವನಿಗೆ ಹೂಂ ಅಂದಿರಲ್ಲ...”

“ಹೂಂ ಅನ್ನದೆ ಉಹೂಂ ಅಂದಿದ್ರೆ ಈಗಲೇ ಕತ್ತು ಕುಯ್ದು ಹೋಗ್ತಿದ್ದ, ಪೆದ್ದೀ! ಅವನು ನಾಳೆ ಬರಲಿ ಅಂತ ಹೇಳಿದೆ.” ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ನೀನೇನಾದ್ರೂ ಸತ್ತರೆ ನಾನು ಯಾರನ್ನ ಬೈಯಲೇ? ನಿನ್ನ ಗಂಡನನ್ನಾ? ಅವನು ಬೈಸಿಕೊಳ್ಳೋಕೂ ಲಾಯಕ್ಕಿಲ್ಲ!”

ಸೊಸೆ ಅತ್ತೆಯನ್ನು ತಬ್ಬಿಕೊಂಡಳು. ಮದುವೆಯಾಗಿ ಬಂದ ಮೇಲೆ ಅದೇ ಮೊದಲು. ಅತ್ತೆ ಆ ತಬ್ಬುಗೆಯಲ್ಲೇ ಅವಳ ಭುಜ, ಬೆನ್ನು, ತೋಳನ್ನು ಗೇಣಿನಿಂದ ಅಳೆಯತೊಡಗಿದಳು.

“ಏನು ಮಾಡ್ತಿದ್ದೀರಿ ಅತ್ತೆ?”

“ನಿನ್ನ ಮೈಗೆ ಯಾವ ಕೋಟು ಆಗುತ್ತೆ ನೋಡ್ತಿದ್ದೀನಿ, ಸುಮ್ನೆ ನಿಂತ್ಕೋ!”

ಮಗ, ಪೊಲೀಸಮ್ಮ ಸ್ಟೇಷನ್ನಿನಿಂದ ಬಂದಾಗ ಸೊಸೆ ಕೆಂಪು ಕೋಟು ತೊಟ್ಟು, ಟೋಪಿ ಹಣೆಗೆ ಎಳೆದುಕೊಂಡು ಜಗಲಿಯಲ್ಲಿ ನಿಂತಿದ್ದಳು. ಗಂಡ ಅವಳನ್ನು ನೋಡಿ, “ಅಮ್ಮಾ, ಹೊಸ ಹುಡುಗನ್ನ ಯಾವಾಗ ಸೇರಿಸ್ಕೊಂಡೆ?” ಎಂದುಬಿಟ್ಟ. ಗುಡುಗಮ್ಮ ತೊಡೆ ತಟ್ಟಿಕೊಂಡು ನಕ್ಕಳು. “ಕಟ್ಟಿಕೊಂಡ ಗಂಡನಿಗೇ ಗುರುತು ಸಿಗಲಿಲ್ಲ ಅಂದ್ಮೇಲೆ ಕೊಲ್ಲೋಕೆ ಬಂದವನಿಗೆ ಹೇಗೆ ಸಿಕ್ಕೀತು!”

ನಡೆದದ್ದನ್ನು ಕೇಳಿ ಪೊಲೀಸಮ್ಮನ ಮುಖ ಬಿಳಿಚಿಕೊಂಡಿತು. “ಆದ್ರೂ ಅಮ್ಮಾ, ವ್ಯಾನಿನಲ್ಲಿ ಹಿಂದಿನ ದಾರಿಯಿಂದ ಕರ್ಕೊಂಡು ಬನ್ನಿ ಅಂತ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು—”

“ಬಾಗಿಲು ಕಾಯೋನನ್ನೂ ಹಿಂದಿನ ದಾರಿಯಿಂದಲೇ ಕರ್ಕೊಂಡು ಹೋದಿರಲ್ಲಮ್ಮ? ಎಲ್ಲಿದ್ದಾನೆ ಅವನು?”

ಪೊಲೀಸಮ್ಮ ಇನ್‌ಸ್ಪೆಕ್ಟರರಿಗೆ ಫೋನು ಹಚ್ಚಿದಳು.

“ಗುಟ್ಟಾಗಿ ಹೋದ್ರೆ ಗುಟ್ಟಾಗಿ ಸಾಯಿಸ್ತಾರೆ. ನನ್ನ ಮನೆಯಿಂದ ಯಾರೂ ಗುಟ್ಟಾಗಿ ಹೊರಟದ್ದಿಲ್ಲ. ಹೊರಟರೆ ಊರಿಗೆಲ್ಲ ಗೊತ್ತಾಗೋ ಹಾಗೆ ಹೊರಡ್ತೀವಿ!”

ಇನ್‌ಸ್ಪೆಕ್ಟರರು ಫೋನಿನಲ್ಲಿ ಮೊದಲು ಕಿರುಚಿದರು, ಆಮೇಲೆ ಬಹಳ ಹೊತ್ತು ಯೋಚಿಸಿ, “ಮನೆಯೊಳಗೆ ನಮ್ಮವರನ್ನ ಕೂರಿಸ್ತೀನಿ. ಮೆರವಣಿಗೆಯಲ್ಲೂ ನಮ್ಮವರನ್ನ ಹಾಕ್ತೀನಿ. ಆ ಅಮ್ಮನ ಹತ್ತಿರ ಕೋಟು ಸಾಕಷ್ಟು ಇದೆಯಾ ಕೇಳು” ಎಂದರು. ಕೋಟು ಬೇಕಾದಷ್ಟಿತ್ತು. ಖಾಕಿಯ ಮೇಲೆ ಕೆಂಪು ತೊಟ್ಟು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡ ಪೊಲೀಸಮ್ಮ, “ನನಗೆ ಇದೇ ಚೆನ್ನಾಗಿ ಒಪ್ಪುತ್ತೆ ಅಲ್ವಾ?” ಎಂದಳು.

ಮರುದಿನ ಬೆಳಿಗ್ಗೆ ಬಿಸಿಲು ಆಗಷ್ಟೇ ಮಾಳಿಗೆಗಳಿಂದ ಬೀದಿಗೆ ಇಳಿದಿತ್ತು. ಗುಡುಗಮ್ಮ ಕೋಲೆತ್ತಿದಳು. ಢಂ! ಓಣಿಯ ಕಿಟಕಿಗಳೆಲ್ಲ ಒಟ್ಟಿಗೆ ತೆರೆದವು. ಢಂ ಢಂ! ಕ್ಲಾರಿಯೊನೆಟ್ಟು ಎದ್ದಿತು, ಚಿಕ್ಕ ಡ್ರಮ್ಮುಗಳು ಓಡತೊಡಗಿದವು. ಕೆಂಪು ಕೋಟಿನ ನಡುಸಾಲಿನಲ್ಲಿ ಸೊಸೆ, ಕೈಯಲ್ಲೊಂದು ಸುಮ್ಮನೆ ಹಿಡಿದ ಕೊಳವೆ, ಅದನ್ನು ಬಾಯಿಗಿಟ್ಟುಕೊಂಡು ಕೆನ್ನೆ ಉಬ್ಬಿಸುವ ನಾಟಕ. ಪಕ್ಕದಲ್ಲೇ ತಾಳ ಹಿಡಿದ ಗಂಡ. ಹೆಂಡತಿಯನ್ನು ನೋಡುತ್ತಾ ತಾಳ ತಪ್ಪಿಸುತ್ತಿದ್ದ, ಅಮ್ಮನ ಕೆಂಗಣ್ಣಿಗೆ ಗುರಿಯಾಗುತ್ತಿದ್ದ.

“ಹೆದರಿಕೆ ಆಗ್ತಿದೆಯಾ?” ಎಂದ ಅವನು.

“ಆಗ್ತಿದೆ ರೀ. ಆದ್ರೆ ಕಾಲು ತಾನಾಗಿ ಕುಣೀತಿದೆ, ಏನು ಮಾಡಲಿ!”

ಯಾರ ಮದುವೆಯೆಂದು ಕೇಳದೆಯೇ ಜನ ಸೇರಿಕೊಂಡರು. ಕ್ಷೌರದಂಗಡಿಯವನು ಒಂದು ಕೆನ್ನೆ ಮಾತ್ರ ಬೋಳಿಸಿದ್ದ ಗಿರಾಕಿಯನ್ನು ಬಿಟ್ಟು ಬಂದ. ಆ ಗಿರಾಕಿಯೂ ಹಿಂದೆಯೇ ಬಂದ. ತರಕಾರಿಯವಳು ತಕ್ಕಡಿ ಹಿಡಿದೇ ಹೆಜ್ಜೆ ಹಾಕಿದಳು. ಮಾರುಕಟ್ಟೆಯ ಮೂಲೆಯಲ್ಲಿ ಖಾಲಿ ಬಸ್ಸೊಂದು ನಿಂತಿತ್ತು. ಅದರ ಬಾಗಿಲಲ್ಲಿ ಆ ಸಕ್ಕರೆ ದನಿಯವನು. ಕೆಂಪು ಸಾಲು ಬರುವುದನ್ನು ನೋಡಿ ಅವನ ಮುಖದಲ್ಲಿ ನಗು ಮೂಡಿತು. ಮಗ ಇದ್ದಾನೆ, ಮುದುಕಿ ಇದ್ದಾಳೆ, ತಂಡವೆಲ್ಲ ಇದೆ... ಅಂದರೆ ಆಕೆ ಮನೆಯಲ್ಲಿ ಒಬ್ಬಳೇ! ಅವನು ಫೋನು ತೆಗೆದು ಕಿವಿಗಿಟ್ಟು ಒಂದೇ ಮಾತು ಹೇಳಿದ.

ಸೊಸೆ ಅವನ ಎದುರಿಗೇ ಹಾದುಹೋಗಬೇಕಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ! ಅವನ ಕಣ್ಣು ಅವಳ ಟೋಪಿಯ ಮೇಲೆ ಬಿತ್ತು... ಕೆನ್ನೆಯ ಮೇಲೆ ಬಿತ್ತು... ನಿಂತಿತು. ಅವನ ಕೈ ಮೆಲ್ಲನೆ ಜಾಕೆಟ್ಟಿನೊಳಗೆ ಹೋಯಿತು.

“ನಿಲ್ಲೀ!” ಗುಡುಗಮ್ಮನ ಗುಡುಗು! ಬ್ಯಾಂಡ್ ಅಲ್ಲೇ ನಿಂತಿತು. “ಇಗೋ ನೋಡ್ರಪ್ಪ, ಇವರೇ ನಮ್ಮ ಗಿರಾಕಿ! ಇವತ್ತಿಗೆ ಬ್ಯಾಂಡ್ ಹೇಳಿದ ಪುಣ್ಯಾತ್ಮ ಇವರೇ! ಬನ್ನಿ, ಇವರ ಮುಂದೇನೇ ಬಾರಿಸೋಣ!”

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅವನ ಸುತ್ತ ಕೆಂಪು ಗೋಡೆ. ಮೂಗಿನ ಮುಂದೆ ದೊಡ್ಡ ಡ್ರಮ್ಮು, ಎರಡು ಕಿವಿಗೂ ಒಂದೊಂದು ತಾಳ, ಬೆನ್ನಿಗೆ ಕ್ಲಾರಿಯೊನೆಟ್ಟು! ಇಡೀ ಮಾರುಕಟ್ಟೆ ಚಪ್ಪಾಳೆ ತಟ್ಟುತ್ತಾ ಅವನನ್ನೇ ನೋಡುತ್ತಿತ್ತು. ತರಕಾರಿಯವಳು ಅವನ ಕೈ ಹಿಡಿದು ಕುಣಿಸಹೋದಳು. ಎಳೆದ ಕೈಯಿಂದ ಮಚ್ಚು ಠಣ್ಣನೆ ರಸ್ತೆಗೆ ಬಿತ್ತು.

ಬ್ಯಾಂಡ್ ಥಟ್ಟನೆ ನಿಂತಿತು. ಪೊಲೀಸಮ್ಮ ಟೋಪಿ ಹಿಂದಕ್ಕೆ ಸರಿಸಿ, ಅವನ ತೋಳನ್ನು ಬೆನ್ನ ಹಿಂದೆ ತಿರುಚಿ, ಕೋಟಿನ ಗುಂಡಿ ಬಿಚ್ಚಿ ಒಳಗಿನ ಖಾಕಿ ತೋರಿಸಿದಳು. “ನಡಿಯಪ್ಪ. ಬಸ್ಸು ಹೇಗೂ ಖಾಲಿ ಇದೆ.”

ಅದೇ ಹೊತ್ತಿಗೆ ಅತ್ತ ಮನೆಯಲ್ಲಿ ಬೀಗ ಒಡೆದು ಒಳನುಗ್ಗಿದ್ದವರನ್ನು ಇನ್‌ಸ್ಪೆಕ್ಟರರ ಕಡೆಯವರು ಕೋಟುಗಳ ಹಿಂದಿನಿಂದ ಹೊರಬಂದು ಹಿಡಿದುಕೊಂಡಿದ್ದರು.

ಕೋರ್ಟಿನ ಗೇಟಿನಲ್ಲಿ, ಇಲ್ಲಿ ಸದ್ದು ಮಾಡುವ ಹಾಗಿಲ್ಲವೆಂದು ಜವಾನ ಓಡಿಬಂದು ಕೈ ಅಡ್ಡ ಹಿಡಿದ. “ಸರಿಯಪ್ಪ,” ಎಂದ ಗುಡುಗಮ್ಮ ಡ್ರಮ್ಮನ್ನು ಇಳಿಸಿ ಅದರ ಮೇಲೆಯೇ ಕೂತಳು. “ಹೋಗಿ ಬಾ ತಾಯಿ. ನಾವು ಇಲ್ಲೇ ಇರ್ತೀವಿ. ಸಂಜೆಯಾದ್ರೂ ಇಲ್ಲೇ.”

ಒಳಗೆ ಬಾಗಿಲು ಮುಚ್ಚಿದ ಕೋಣೆ. ಒಂದು ಕಡೆ ದೊಡ್ಡವರು, ಬಿಳಿ ಬಟ್ಟೆ, ಅದೇ ಮುಗುಳ್ನಗೆ. ಇನ್ನೊಂದು ಕಡೆ ಆ ಹುಡುಗಿ, ಉಗುರು ಕಚ್ಚುತ್ತಾ. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ನಗುತ್ತಾ ಕೇಳಿದರು: “ಇದೇನಮ್ಮ, ಈ ವೇಷ?”

“ಜೀವಂತ ಬಂದು ತಲುಪೋಕೆ ಹಾಕ್ಕೊಂಡೆ ಸ್ವಾಮಿ.”

ನ್ಯಾಯಾಧೀಶರ ಮುಖದ ನಗು ಮಾಯವಾಯಿತು. ಅದನ್ನು ಹಾಗೆಯೇ ಬರೆದುಕೊಳ್ಳಲು ಹೇಳಿದರು. ಆಮೇಲೆ ಅವಳು ನೋಡಿದ್ದನ್ನು ಹೇಳತೊಡಗಿದಳು. ಹಾಸುಬಟ್ಟೆಯ ರಾಶಿ... ಬಾಸುಂಡೆ... ಹಗ್ಗದ ಗಾಯ... ಹುಡುಗಿ ಹೇಳಿದ ಮಾತು... ಕೂದಲು ಹಿಡಿದ ಕೈ... ಅವಳು ಮಾತಾಡಿದ್ದು ಬ್ಯಾಂಡ್ ಮನೆಯ ದನಿಯಲ್ಲಿ. ಟೈಪಿಸ್ಟು ಕುರ್ಚಿಯಲ್ಲಿ ಬೆಚ್ಚಿಬಿದ್ದ. “ಸ್ವಲ್ಪ ಮೆಲ್ಲಗೆ ಹೇಳಿದ್ರೂ ಕೇಳಿಸುತ್ತಮ್ಮ” ಎಂದರು ನ್ಯಾಯಾಧೀಶರು. “ಕ್ಷಮಿಸಿ ಸ್ವಾಮಿ, ನಮ್ಮ ಮನೇಲಿ ಮೆಲ್ಲಗೆ ಹೇಳಿದ್ದು ಯಾರಿಗೂ ಕೇಳಿಸಲ್ಲ” ಎಂದಳು. ಹುಡುಗಿ ನಕ್ಕುಬಿಟ್ಟಳು! ಆ ಕೇಸು ಶುರುವಾದ ಮೇಲೆ ಅವಳು ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಆ ನಗು ಕಿವಿಗೆ ಬಿದ್ದ ಗಳಿಗೆಯಲ್ಲೇ ದೊಡ್ಡವರ ಮುಗುಳ್ನಗೆ ಎಲ್ಲೋ ಜಾರಿಹೋಯಿತು.

ಹೊತ್ತು ಇಳಿದ ಮೇಲೆ ಸೊಸೆ ಹೊರಬಂದಳು, ಹುಡುಗಿಯ ಕೈ ಹಿಡಿದುಕೊಂಡು. ಗುಡುಗಮ್ಮ ಡ್ರಮ್ಮಿನಿಂದ ಎದ್ದಳು.

“ಹೇಳಿದೆಯಾ?”

“ಹೇಳಿದೆ ಅತ್ತೆ.”

“ಎಲ್ಲಾ?”

“ನನ್ನ ಮಾತೆಲ್ಲ ಮುಗೀತು. ಆದ್ರೆ ಅವರ ಕಡೆ ವಕೀಲರು ಪ್ರಶ್ನೆ ಕೇಳೋದಿದೆಯಂತೆ. ನಾಳೆ ಮತ್ತೆ ಬರಬೇಕಂತೆ... ಬಹುಶಃ ನಾಡಿದ್ದೂ.”

ತಂಡದವರೆಲ್ಲ ಮುಖ ಮುಖ ನೋಡಿಕೊಂಡರು. ಬೆಳಕಿನ ಮನೆಯ ಉತ್ಸವಗಳಿಗೆ ಬಾರಿಸುವ ಕೆಲಸ ಇನ್ನು ಈ ಜನ್ಮದಲ್ಲಿ ಸಿಗುವುದಿಲ್ಲ, ತಂಡಕ್ಕೆ ವರ್ಷದ ಅರ್ಧ ಕೆಲಸ ಅಲ್ಲಿಂದಲೇ ಬರುತ್ತಿತ್ತು. ಪಂಥದ ಉಳಿದವರೆಲ್ಲ ಇನ್ನೂ ಹೊರಗೇ ಇದ್ದಾರೆ. ಎಲ್ಲರಿಗೂ ಗೊತ್ತಿದ್ದ ಮಾತು ಅದು. ಗುಡುಗಮ್ಮ ತನ್ನ ಅಂಗೈ ನೋಡಿಕೊಂಡಳು. ಬೊಬ್ಬೆ ಎದ್ದಿತ್ತು. ಸೊಸೆ ಆ ಕೈಯನ್ನು ತೆಗೆದುಕೊಂಡು ಊದಿದಳು. “ಊದಬೇಡ ಕಣೇ, ಉರಿಯುತ್ತೆ!” ಎಂದು ಬೈದಳು ಅತ್ತೆ, ಕೈಯನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಒಂದೇ ಕೆನ್ನೆ ಬೋಳಿಸಿಕೊಂಡಿದ್ದ ಆ ಗಿರಾಕಿ ಇನ್ನೂ ಅಲ್ಲೇ ನಿಂತಿದ್ದ. ಮುಂದೆ ಬಂದು ಕೇಳಿದ: “ನಾಳೆ ಎಷ್ಟು ಹೊತ್ತಿಗೆ ಅಮ್ಮಾ? ನನ್ನ ಅಣ್ಣಂದಿರನ್ನೂ ಕರ್ಕೊಂಡು ಬರ್ತೀನಿ.”

“ನನ್ನನ್ನ ಯಾಕಪ್ಪ ಕೇಳ್ತೀಯ?” ಎಂದಳು ಗುಡುಗಮ್ಮ, ಡ್ರಮ್ಮನ್ನು ಹೊಟ್ಟೆಯ ಮೇಲಕ್ಕೆ ಎತ್ತಿ ಕಟ್ಟಿಕೊಳ್ಳುತ್ತಾ. “ನನ್ನ ಸೊಸೆಯನ್ನ ಕೇಳು. ಮೆರವಣಿಗೆ ಅವಳದು.”